ಹಳೆಮನೆಯ ಬಣ್ಣ, ಏಜೆಂಟರ ಸಹಿ

ಅಮೆರಿಕದಲ್ಲಿ 1978ಕ್ಕಿಂತ ಮೊದಲು ಕಟ್ಟಿದ ಮನೆ ಮಾರಾಟವಾಗುವಾಗ ಕರಾರಿನ ಕಾಗದಗಳ ಜೊತೆ ಒಂದು ಹಾಳೆ ಇರಲೇಬೇಕು. ಈ ಮನೆಯ ಬಣ್ಣದಲ್ಲಿ ಸೀಸ ಇರಬಹುದು, ಅದು ಚಿಕ್ಕ ಮಕ್ಕಳ ನರಮಂಡಲಕ್ಕೆ ಮತ್ತೆ ಸರಿಹೋಗದ ಹಾನಿ ಮಾಡಬಲ್ಲದು ಎಂಬ ಎಚ್ಚರಿಕೆ ಅದರ ಮೊದಲಿಗೇ ಬರುತ್ತದೆ. ಅದರ ಕೆಳಗೆ ಮಾರುವವರು ತಮಗೆ ಗೊತ್ತಿರುವುದನ್ನು ಬರೆದು ಸಹಿ ಹಾಕಬೇಕು, ಕೊಳ್ಳುವವರು ಓದಿಕೊಂಡಿದ್ದೇವೆ ಎಂದು ಸಹಿ ಹಾಕಬೇಕು. ಮೂರನೆಯ ಸಹಿ ಮನೆ ಮಾರಿಸಿಕೊಟ್ಟ ಏಜೆಂಟರದು: ಮಾರುವವರಿಗೆ ಅವರ ಹೊಣೆ ಏನೆಂದು ತಿಳಿಸಿದ್ದೇನೆ, ಅದು ನೆರವೇರುವಂತೆ ನೋಡಿಕೊಳ್ಳುವ ಕರ್ತವ್ಯ ನನಗೂ ಇದೆಯೆಂಬ ಅರಿವು ನನಗಿದೆ ಎಂದು. ನ್ಯೂಜೆರ್ಸಿಯಲ್ಲೋ ಮಿಶಿಗನ್‌ನಲ್ಲೋ ಹಳೆಯ ಮನೆ ಕೊಂಡ ಕನ್ನಡಿಗರಿಗೂ ಈ ಹಾಳೆ ಪರಿಚಿತವೇ. ಕಂತೆಗಟ್ಟಲೆ ಕಾಗದಗಳ ನಡುವೆ ಸರಸರನೆ ಮುಗಿದುಹೋಗುವ ಸಹಿ ಅದು. ಆದರೆ ಆ ಮೂರನೆಯ ಸಹಿ ಅಲ್ಲಿಗೆ ಬರಲು ಹತ್ತಿರ ಹತ್ತಿರ ಒಂದು ಶತಮಾನ ಹಿಡಿಯಿತು. ಬಣ್ಣದ ಸೀಸ ಮಕ್ಕಳನ್ನು ಕೊಲ್ಲುತ್ತದೆಂಬ ಸಂಗತಿ ವೈದ್ಯರಿಗೆ ಗೊತ್ತಿತ್ತು, ತಯಾರಕರಿಗೆ ಗೊತ್ತಿತ್ತು, ಕೆಲವು ನಗರಗಳ ಆರೋಗ್ಯ ಇಲಾಖೆಗಳಿಗೂ ಗೊತ್ತಿತ್ತು. ಮನೆಯೊಳಗೆ ಕಾಲಿಡುವ ಕುಟುಂಬಕ್ಕೆ ಮಾತ್ರ ಯಾರೂ ಹೇಳಲಿಲ್ಲ. ಹೇಳುವ ಹೊಣೆಯನ್ನು ಕೊನೆಗೂ ಏಜೆಂಟರ ಹೆಗಲಿಗೂ ಹಾಕಿದ್ದು ನ್ಯಾಯವೇ ಆಗಿತ್ತು, ಏಕೆಂದರೆ ಈ ಕಥೆಯಲ್ಲಿ ಅವರು ದೂರ ನಿಂತು ನೋಡಿದವರಾಗಿರಲಿಲ್ಲ ಎಂಬುದು ಈ ಲೇಖನದ ವಾದ. ಹಾಗೆ ಹಾಕಿದ ಹೊಣೆ ಅರ್ಧ ದಾರಿಯಲ್ಲೇ ನಿಂತಿತು ಎಂಬುದೂ ಇದೇ ಇತಿಹಾಸದಿಂದ ತಿಳಿಯುತ್ತದೆ.

ಗೊತ್ತಿದ್ದೂ ಸುಮ್ಮನಿದ್ದ ಆ ಕಾಲ ಎಷ್ಟು ದೀರ್ಘವಾದದ್ದೆಂದು ಮೊದಲು ನೋಡಬೇಕು. ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ 1890ರ ದಶಕದಲ್ಲಿ ಜೆಫ್ರಿಸ್ ಟರ್ನರ್ ಎಂಬ ವೈದ್ಯರು ಮಕ್ಕಳಲ್ಲಿ ಸೀಸದ ವಿಷವನ್ನು ಗುರುತಿಸಿದರು. ಅದು ಎಲ್ಲಿಂದ ಬರುತ್ತಿದೆ ಎಂಬುದಕ್ಕೆ 1904ರಲ್ಲಿ ಉತ್ತರ ಕೊಟ್ಟವರು ಅದೇ ಊರಿನ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್: ಜಗಲಿಯ ಕಟಕಟೆಗೂ ಕೋಣೆಯ ಗೋಡೆಗೂ ಬಳಿದ ಬಣ್ಣದಿಂದ. ಬಿಸಿಲಿಗೆ ಬಣ್ಣ ಪುಡಿಯಾಗುತ್ತದೆ, ಪುಡಿ ಮಕ್ಕಳ ಬೆರಳಿಗೆ ಅಂಟುತ್ತದೆ, ಬೆರಳು ಬಾಯಿಗೆ ಹೋಗುತ್ತದೆ. ಇಂದಿಗೂ ಈ ವಿವರಣೆಗೆ ಸೇರಿಸಬೇಕಾದ್ದು ಹೆಚ್ಚೇನಿಲ್ಲ. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳಿ ಬಣ್ಣ ಬಳಸಬಾರದೆಂಬ ಒಪ್ಪಂದ ರೂಪಿಸಿತು. ಅದು ಬಣ್ಣ ಬಳಿಯುವ ಕೆಲಸಗಾರರ ರಕ್ಷಣೆಗೆಂದು ಹುಟ್ಟಿದ್ದು, ಆದರೆ ಪಾಲಿಸಿದ್ದರೆ ಮಕ್ಕಳೂ ಬದುಕುತ್ತಿದ್ದರು. ಮರುವರ್ಷ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯ ಮಕ್ಕಳ ಕೈಗೆಟುಕುವ ಕಡೆ ಅಂಥ ಬಣ್ಣ ಬಳಿಯುವುದನ್ನು ಕಾನೂನಿನಿಂದ ನಿರ್ಬಂಧಿಸಿತು. ಅಮೆರಿಕ ಆ ಒಪ್ಪಂದಕ್ಕೆ ಸೇರಲೇ ಇಲ್ಲ.

ಅಲ್ಲಿ ಸಾಕ್ಷ್ಯ ಕಡಿಮೆಯಿತ್ತು ಎನ್ನುವಂತಿಲ್ಲ. ಮಂಚದ ಕಂಬಿಗಳ ಬಿಳಿ ಬಣ್ಣವನ್ನು ಕಚ್ಚಿ ತಿಂದು ಸತ್ತ ಬಾಲಕನ ಪ್ರಕರಣವನ್ನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಥಾಮಸ್ ಮತ್ತು ಬ್ಲ್ಯಾಕ್‌ಫನ್ ಎಂಬ ವೈದ್ಯರು 1914ರಲ್ಲೇ ಪ್ರಕಟಿಸಿದ್ದರು. ಸೀಸದ ವಿಷದಿಂದ ಗುಣವಾದರೆಂದು ಮನೆಗೆ ಕಳಿಸಿದ್ದ 20 ಮಕ್ಕಳನ್ನು ಬಾಸ್ಟನ್‌ನಲ್ಲಿ ಬೈಯರ್ಸ್ ಮತ್ತು ಲಾರ್ಡ್ ಮತ್ತೆ ಹುಡುಕಿ ಪರೀಕ್ಷಿಸಿದಾಗ, 1943ರಲ್ಲಿ, ಅವರಲ್ಲಿ 19 ಮಂದಿ ಶಾಲೆಯಲ್ಲಿ ಸೋತುಹೋಗಿದ್ದರು. ಗುಣವಾಗುವುದೆಂದರೆ ಸಾಯದೆ ಉಳಿಯುವುದು ಮಾತ್ರವಲ್ಲ ಎಂಬುದು ಆಗ ಸ್ಪಷ್ಟವಾಯಿತು. ಇದೇ ಕಾಲದಲ್ಲಿ ನ್ಯಾಷನಲ್ ಲೆಡ್ ಕಂಪನಿ ತನ್ನ ‘ಡಚ್ ಬಾಯ್’ ಬಣ್ಣಕ್ಕೆ ಪುಟ್ಟ ಹುಡುಗನ ಚಿತ್ರವನ್ನೇ ಗುರುತಾಗಿಸಿಕೊಂಡು, ಮಕ್ಕಳಿಗೆಂದೇ ಬಣ್ಣ ತುಂಬುವ ಪುಸ್ತಕ ಹಂಚುತ್ತಿತ್ತು. 1928ರಲ್ಲಿ ಹುಟ್ಟಿದ ಸೀಸದ ಉದ್ದಿಮೆಗಳ ಸಂಘ ದಶಕಗಳ ಕಾಲ ತಪ್ಪನ್ನು ಬಡತನದ ಮೇಲೆ, ಕೊಳೆಗೇರಿಯ ಮೇಲೆ, ತಂದೆತಾಯಿಯರ ಅಜಾಗರೂಕತೆಯ ಮೇಲೆ ಹೊರಿಸಿತು. ಬಾಲ್ಟಿಮೋರ್ ನಗರ 1935ರಲ್ಲಿ ಮಕ್ಕಳ ರಕ್ತದ ಸೀಸವನ್ನು ಉಚಿತವಾಗಿ ಪರೀಕ್ಷಿಸಲು ಶುರುಮಾಡಿ, 1951ರಲ್ಲಿ ಮನೆಯ ಒಳಗೋಡೆಗಳಿಗೆ ಸೀಸದ ಬಣ್ಣವನ್ನು ನಿಷೇಧಿಸಿತು. ದೇಶದಾದ್ಯಂತ ನಿಷೇಧ ಬರಲು 1978ರವರೆಗೆ ಕಾಯಬೇಕಾಯಿತು.

ಆ ನಿಷೇಧದ ಸ್ವರೂಪವನ್ನು ಗಮನಿಸಬೇಕು. ಅದು ಅಂಗಡಿಯಲ್ಲಿ ಮಾರುವ ಡಬ್ಬಿಗೆ ಅನ್ವಯಿಸಿತು, ಈಗಾಗಲೇ ಬಳಿದ ಗೋಡೆಗಲ್ಲ. 1990ರಲ್ಲಿ ಅಮೆರಿಕದ ವಸತಿ ಇಲಾಖೆ ಮಾಡಿದ ಅಂದಾಜಿನಂತೆ, 1980ಕ್ಕಿಂತ ಹಿಂದೆ ಕಟ್ಟಿದ ಮನೆಗಳ ಪೈಕಿ 5.7 ಕೋಟಿ ಮನೆಗಳಲ್ಲಿ, ಎಂದರೆ ಮುಕ್ಕಾಲು ಪಾಲಿನಲ್ಲಿ, ಸೀಸದ ಬಣ್ಣ ಇನ್ನೂ ಇತ್ತು. ಬಣ್ಣ ಗಟ್ಟಿಯಾಗಿ ಕೂತಿರುವ ತನಕ ಅಪಾಯ ಕಡಿಮೆ. ಆದರೆ ಮೇಲೆ ಕೆಳಗೆ ಸರಿಯುವ ಹಳೆಯ ಕಿಟಕಿಯನ್ನು ಪ್ರತಿಸಲ ತೆರೆದಾಗಲೂ ಮರಕ್ಕೆ ಮರ ಉಜ್ಜಿ ಧೂಳು ಉದುರುತ್ತದೆ. ಸೂರು ಸೋರಿದಲ್ಲಿ ಬಣ್ಣ ಹಕ್ಕಳೆಯೇಳುತ್ತದೆ. ಮನೆ ರಿಪೇರಿಗೆಂದು ಉಜ್ಜಿ ಕೆರೆದಾಗ ಧೂಳು ಕೋಣೆಕೋಣೆಗೂ ಹರಡುತ್ತದೆ. ಹೀಗಾಗಿ ವಿಷ ಕಾರ್ಖಾನೆಯ ವಿಷಯವಾಗಿ ಉಳಿಯದೆ ಆಸ್ತಿಯ ವಿಷಯವಾಯಿತು: ಕ್ರಯಪತ್ರದ ಜೊತೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ವಸ್ತು. ಪ್ರತಿ ವರ್ಗಾವಣೆಯಲ್ಲೂ ಅದರ ಬಗ್ಗೆ ಮಾತನಾಡಲು ಒಂದು ಅವಕಾಶವಿತ್ತು. ಆ ಅವಕಾಶವನ್ನು ಬಳಸಬೇಕಾದ ಅಗತ್ಯವೇ ಇಲ್ಲವೆಂದು ಆಸ್ತಿ ಕಾನೂನು ಹೇಳುತ್ತಿತ್ತು.

ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಹಳೆಯ ಸಂಪ್ರದಾಯದಂತೆ, ಕೊಳ್ಳುವವನೇ ಕಣ್ಣು ತೆರೆದು ನೋಡಿಕೊಳ್ಳಬೇಕು. ಮಾರುವವನು ಸುಳ್ಳು ಹೇಳಬಾರದಷ್ಟೇ, ಸುಮ್ಮನಿರಬಹುದು. 1942ರಲ್ಲಿ ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯದ ಮುಂದೆ ಗೆದ್ದಲು ಹಿಡಿದ ಮನೆಯ ಪ್ರಕರಣ ಬಂತು. ಮಾರಿದ ಬ್ಯಾಂಕಿಗೆ ಗೆದ್ದಲಿನ ವಿಷಯ ಗೊತ್ತಿತ್ತು ಎಂಬ ಆರೋಪವನ್ನು ನಿಜವೆಂದೇ ಇಟ್ಟುಕೊಂಡರೂ, ಬರೀ ಮೌನಕ್ಕೆ ಪರಿಹಾರವಿಲ್ಲ ಎಂದು ನ್ಯಾಯಾಲಯ ಹೇಳಿತು. ಅದೇ ಇಂಗ್ಲಿಷ್ ಕಾನೂನಿನ ನೆರಳಲ್ಲಿ ರೂಪುಗೊಂಡ ಭಾರತದ ಆಸ್ತಿ ವರ್ಗಾವಣೆ ಕಾಯಿದೆ, 1882ರಷ್ಟು ಹಿಂದೆಯೇ, 55ನೇ ಕಲಮಿನಲ್ಲಿ ಬೇರೆ ಮಾತು ಹೇಳಿತ್ತು: ತನಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಮಹತ್ವದ ದೋಷವನ್ನು ಮಾರುವವನು ತಿಳಿಸಬೇಕು. ಬಣ್ಣದೊಳಗಿನ ಸೀಸಕ್ಕಿಂತ ಇದಕ್ಕೆ ಒಳ್ಳೆಯ ಉದಾಹರಣೆ ಸಿಗಲಾರದು. ಅಮೆರಿಕದ ರಾಜ್ಯಗಳು ಈ ಕಡೆಗೆ ನಿಧಾನವಾಗಿ ಸರಿದವು. 1960ರಲ್ಲಿ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯ, ಮತ್ತೆ ಗೆದ್ದಲಿನದೇ ಪ್ರಕರಣದಲ್ಲಿ, ಮಾರುವವರ ಮೌನವನ್ನು ವಂಚನೆ ಎಂದಿತು. 1963ರಲ್ಲಿ ಕ್ಯಾಲಿಫೋರ್ನಿಯ ಈ ಹೊಣೆಯನ್ನು ಏಜೆಂಟರಿಗೂ ವಿಸ್ತರಿಸಿತು. 1984ರಲ್ಲಿ ಅದೇ ರಾಜ್ಯದ ಮೇಲ್ಮನವಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಸರಿಯಾಗಿ ಗಟ್ಟಿಗೊಳಿಸದ, ತುಂಬಿಸಿದ ಮಣ್ಣಿನ ಮೇಲೆ ಕಟ್ಟಿದ್ದ ಮನೆಯೊಂದರ ನೆಲ ಜಾರಿದಾಗ, ಏಜೆಂಟರು ತಾವಾಗಿ ಮನೆಯನ್ನು ಜವಾಬ್ದಾರಿಯಿಂದ ಪರಿಶೀಲಿಸಿ, ಕಂಡದ್ದನ್ನು ಕೊಳ್ಳುವವರಿಗೆ ಹೇಳಬೇಕಿತ್ತು ಎಂದು ತೀರ್ಪು ಕೊಟ್ಟಿತು. ಮುಂದೆ ಆ ರಾಜ್ಯದ ಶಾಸನವೂ ಇದನ್ನು ಒಪ್ಪಿ, ಪರಿಶೀಲನೆಯನ್ನು ಕಣ್ಣಿಗೆ ಕಾಣುವಷ್ಟಕ್ಕೆ ಮಿತಿಗೊಳಿಸಿತು. ಸೀಸ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅದಕ್ಕೆ ಬೇರೆಯದೇ ಕಾನೂನು ಬೇಕಾಯಿತು.

ಇಲ್ಲಿ ಏಜೆಂಟರ ಪರವಾಗಿ ಎದ್ದುಬರುವ ಆಕ್ಷೇಪವೊಂದನ್ನು ಗಂಭೀರವಾಗಿ ಎತ್ತಿಕೊಳ್ಳಬೇಕು. ಬಣ್ಣ ತಯಾರಿಸಿದ್ದು ಅವರಲ್ಲ, ಬಳಿದಿದ್ದೂ ಅವರಲ್ಲ. ಕೊಡುವವರನ್ನೂ ಕೊಳ್ಳುವವರನ್ನೂ ಸೇರಿಸಿ ಕಮಿಷನ್ ಪಡೆಯುವುದಷ್ಟೇ ಅವರ ವೃತ್ತಿ. ರಸಾಯನಶಾಸ್ತ್ರ ಓದದವರ ಮೇಲೆ ಕಂಪನಿಗಳ ಪಾಪವನ್ನು ಯಾಕೆ ಹೊರಿಸಬೇಕು? ಕೇಳಲು ಸರಿಯಾಗಿಯೇ ಇದೆ. ಆದರೆ ಯಾವ ಕುಟುಂಬ ಯಾವ ಮನೆಯಲ್ಲಿ ಇರಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಅಮೆರಿಕದ ಏಜೆಂಟರ ಪಾತ್ರ ಎಂದೂ ತಟಸ್ಥವಾಗಿರಲಿಲ್ಲ. ಅವರ ರಾಷ್ಟ್ರೀಯ ಸಂಘ 1924ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯ ಒಂದು ಕಲಮು, ಆಸ್ತಿಯ ಬೆಲೆ ಇಳಿಸುವಂಥ ಜನಾಂಗದವರನ್ನು ಒಂದು ಬಡಾವಣೆಯೊಳಕ್ಕೆ ತರುವ ಕೆಲಸಕ್ಕೆ ಏಜೆಂಟರು ಕೈ ಹಾಕಬಾರದೆಂದು ವಿಧಿಸಿತ್ತು. 1930ರ ದಶಕದಲ್ಲಿ ಮನೆಸಾಲಕ್ಕೆಂದು ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಳಿದಾಗ, ಮಾಹಿತಿ ಒದಗಿಸಿದವರಲ್ಲಿ ಸ್ಥಳೀಯ ಏಜೆಂಟರೂ ಇದ್ದರು. ಸಾಲ ಸಿಗದ ಕಡೆ ರಿಪೇರಿ ಆಗುವುದಿಲ್ಲ. ರಿಪೇರಿ ಆಗದ ಕಡೆ ಹಳೆಯ ಬಣ್ಣ ಉದುರುತ್ತದೆ. ಬಾಲ್ಟಿಮೋರಿನಲ್ಲಿ ಕಪ್ಪು ಕುಟುಂಬಗಳು ಬರುತ್ತಿವೆಯೆಂದು ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಮನೆ ಕೊಂಡು, ಅದನ್ನೇ ಕಪ್ಪು ಕುಟುಂಬಗಳಿಗೆ ದುಬಾರಿಗೆ ಮಾರಿದ ದಲ್ಲಾಳಿಗಳ ವ್ಯವಹಾರ 1950 ಮತ್ತು 60ರ ದಶಕಗಳಲ್ಲಿ ಹಗಲಲ್ಲೇ ನಡೆಯಿತು. ದೇಶದಲ್ಲೇ ಮೊದಲು ಸೀಸದ ಬಣ್ಣವನ್ನು ನಿಷೇಧಿಸಿದ ಅದೇ ನಗರದಲ್ಲಿ, ಅದೇ ವರ್ಷಗಳಲ್ಲಿ. 1968ರ ವಸತಿ ಸಮಾನತೆಯ ಕಾಯಿದೆ ಇಂಥದ್ದನ್ನು ಕಾನೂನುಬಾಹಿರವಾಗಿಸುವ ಹೊತ್ತಿಗೆ ಹಳೆಯ ಬಣ್ಣದ ಮನೆಗಳಲ್ಲಿ ಯಾರ ಮಕ್ಕಳು ಬೆಳೆಯಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗಿಹೋಗಿತ್ತು. ಮನೆಯ ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬೇಕು ಎಂದು ದಶಕಗಳ ಕಾಲ ನಿರ್ಧರಿಸಿದ ವೃತ್ತಿ, ಬಾಗಿಲ ಹಿಂದೆ ಏನಿದೆ ಎಂದು ಹೇಳುವ ಹೊಣೆ ಬಂದಾಗ ಮಾತ್ರ ತಾನು ಬರೀ ಮಧ್ಯವರ್ತಿ ಎನ್ನಲಾಗದು.

ಆ ಹೊಣೆಯನ್ನು ಹೊರಿಸಿದ ಕಾಯಿದೆಗೆ 1992ರ ಅಕ್ಟೋಬರ್ 28ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಸಹಿ ಹಾಕಿದರು. ಅದರ 1018ನೇ ಕಲಮಿನಂತೆ ರೂಪಿಸಿದ ನಿಯಮ 1996ರ ಸೆಪ್ಟೆಂಬರಿನಲ್ಲಿ ದೊಡ್ಡ ಮಾಲೀಕರಿಗೂ, ಡಿಸೆಂಬರಿನಲ್ಲಿ ನಾಲ್ಕು ಮನೆಗಳವರೆಗಿನ ಸಣ್ಣ ಮಾಲೀಕರಿಗೂ ಜಾರಿಗೆ ಬಂತು. ಅದು ಕೇಳುವುದು ಬಹಳವೇನಲ್ಲ. ಸೀಸದ ಬಗ್ಗೆ ಗೊತ್ತಿರುವುದನ್ನು ಹೇಳಬೇಕು, ಕೈಯಲ್ಲಿರುವ ಪರೀಕ್ಷಾ ವರದಿಗಳನ್ನು ಕೊಡಬೇಕು, ಸರ್ಕಾರ ಒಪ್ಪಿದ ಕಿರುಹೊತ್ತಗೆ ಕೊಡಬೇಕು, ಕೊಳ್ಳುವವರು ಬಯಸಿದರೆ ಕರಾರಿಗೆ ಬದ್ಧರಾಗುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳಲು 10 ದಿನ ಬಿಡಬೇಕು, ಸಹಿಯಾದ ಹಾಳೆಯನ್ನು ಮೂರು ವರ್ಷ ಕಾಪಾಡಬೇಕು. ಬಾಡಿಗೆಗೆ ಕೊಡುವಾಗಲೂ ಇದೇ ಕ್ರಮ, 10 ದಿನಗಳ ಅವಕಾಶವೊಂದನ್ನು ಬಿಟ್ಟು. ಇದಿಷ್ಟೂ ನಡೆಯುವಂತೆ ನೋಡಿಕೊಳ್ಳುವುದು ಏಜೆಂಟರ ಕೆಲಸ. ಮಾರುವವರು ಮಾಡದಿದ್ದರೆ ಅವರೇ ಮುಂದೆ ನಿಂತು ಮಾಡಬೇಕು. ಇದ್ದಂತೆಯೇ ಮಾರುತ್ತಿದ್ದೇವೆ ಎಂದು ಕರಾರಿನಲ್ಲಿ ಬರೆದುಕೊಂಡರೂ ಬಿಡುಗಡೆಯಿಲ್ಲ. ತಿಳಿದೂ ತಪ್ಪಿದವರು ಕೊಳ್ಳುವವರ ನಷ್ಟದ ಮೂರು ಪಟ್ಟು ತೆರಬೇಕಾಗಬಹುದು. ಕೊಳ್ಳುವವರು ಮಾತ್ರ ಪೂರ್ತಿ ಕಮಿಷನ್ ಕೊಟ್ಟು ಇಟ್ಟುಕೊಂಡ ಏಜೆಂಟರಿಗೆ ಈ ಹೊಣೆ ಅನ್ವಯಿಸುವುದಿಲ್ಲ.

ರಸಾಯನಶಾಸ್ತ್ರದ ಆಕ್ಷೇಪಕ್ಕೆ ಈ ನಿಯಮದೊಳಗೇ ಉತ್ತರವಿದೆ. ಏಜೆಂಟರು ಗೋಡೆ ಕೆರೆದು ಪರೀಕ್ಷಿಸಬೇಕಿಲ್ಲ. ಮಾರುವವರಿಗೆ ತಿಳಿಹೇಳಿದ ಮೇಲೂ ಅವರು ಸತ್ಯ ಮುಚ್ಚಿಟ್ಟು, ಅದು ಏಜೆಂಟರಿಗೆ ಗೊತ್ತೇ ಇಲ್ಲದಿದ್ದರೆ, ಆ ತಪ್ಪಿಗೆ ಏಜೆಂಟರು ಹೊಣೆಯಲ್ಲ. ಅವರಿಂದ ಬಯಸಿದ್ದು ವಿಜ್ಞಾನವನ್ನಲ್ಲ, ಅನುಭವವನ್ನು. ಸಾಮಾನ್ಯ ಕುಟುಂಬವೊಂದು ಮನೆ ಮಾರುವುದೋ ಕೊಳ್ಳುವುದೋ ಜೀವಮಾನದಲ್ಲಿ ಒಂದೆರಡು ಸಲ. ಕಾಯಿದೆ ಏನು ಹೇಳುತ್ತದೆ, ಯಾವ ಕಾಗದ ಎಲ್ಲಿ ಬೇಕು ಎಂಬುದು ಅವರಿಗೆ ನೆನಪಿನಲ್ಲಿರುವುದು ಅಸಾಧ್ಯ. ವ್ಯವಹಾರದಿಂದ ವ್ಯವಹಾರಕ್ಕೆ ಜ್ಞಾನವನ್ನು ಹೊತ್ತೊಯ್ಯುವ ಏಕೈಕ ವ್ಯಕ್ತಿ ಏಜೆಂಟರು. ಕೋಟ್ಯಂತರ ಬಿಡಿ ಮಾಲೀಕರನ್ನು ತಲುಪುವುದಕ್ಕಿಂತ ಲೈಸೆನ್ಸ್ ಪಡೆದ, ಅದನ್ನು ಕಳೆದುಕೊಳ್ಳುವ ಭಯವಿರುವ ಒಂದು ವೃತ್ತಿಯ ಮೂಲಕ ಮಾತು ದಾಟಿಸುವುದು ಸರ್ಕಾರಕ್ಕೆ ಸುಲಭವೂ ಹೌದು. ಹಳೆಮನೆಗಳ ಬೆಲೆ ಬಿದ್ದುಹೋಗುತ್ತದೆ ಎಂಬ ಇನ್ನೊಂದು ಅಳಲಿಗೆ ನಾನು ಹೆಚ್ಚು ಜಾಗ ಕೊಡಲಾರೆ. ಸತ್ಯ ಹೇಳಿದಾಗ ಬೀಳುವ ಬೆಲೆ ಮುಚ್ಚಿಟ್ಟಾಗ ಇನ್ನೊಬ್ಬರ ಮಗುವಿನ ಲೆಕ್ಕಕ್ಕೆ ಬರೆದ ಬೆಲೆಯೇ.

ಇನ್ನು ನಿಜವಾಗಿ ಕಾಡುವ ಆಕ್ಷೇಪಗಳು ಎರಡು. ಮೊದಲನೆಯದು, ಮಕ್ಕಳ ರಕ್ತದಲ್ಲಿ ಸೀಸ ಇಳಿದದ್ದು ಈ ಸಹಿಯಿಂದಲ್ಲ ಎಂಬುದು. ಅಂಕಿಗಳು ಇದನ್ನು ಬೆಂಬಲಿಸುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ 1976–80ರಲ್ಲಿ ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಶೇ 88ರಷ್ಟು ಮಂದಿಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿತ್ತು. 1991–94ರ ಹೊತ್ತಿಗೆ, ಎಂದರೆ ನಿಯಮ ಜಾರಿಯಾಗುವ ಮೊದಲೇ, ಅದು ಶೇ 4.4ಕ್ಕೆ ಇಳಿದಿತ್ತು. ಕೀರ್ತಿಯ ದೊಡ್ಡ ಪಾಲು ಪೆಟ್ರೋಲಿನಿಂದ ಸೀಸ ತೆಗೆದದ್ದಕ್ಕೆ ಸಲ್ಲಬೇಕು. ಇದನ್ನು ಒಪ್ಪುತ್ತೇನೆ. ಆದರೆ ಅದೇ 1991–94ರ ಸಮೀಕ್ಷೆಯಲ್ಲಿ, 1946ಕ್ಕಿಂತ ಹಿಂದೆ ಕಟ್ಟಿದ ಮನೆಗಳಲ್ಲಿದ್ದ ಕಪ್ಪು ಮಕ್ಕಳ ಪೈಕಿ ಈ ಪ್ರಮಾಣ ಶೇ 21.9 ಇತ್ತು. ಪೆಟ್ರೋಲಿನ ಸೀಸ ಎಲ್ಲರ ಮೇಲೂ ಸುರಿಯುತ್ತಿತ್ತು, ಅದನ್ನು ನಿಲ್ಲಿಸಿದಾಗ ಎಲ್ಲರಿಗೂ ಅನುಕೂಲವಾಯಿತು. ಉಳಿದದ್ದು ಗೋಡೆ ಕಿಟಕಿಗಳ ಸೀಸ, ಮತ್ತು ಅದು ಉಳಿದದ್ದು ಮನೆ ವ್ಯವಹಾರದ ಹಳೆಯ ಗೆರೆಗಳ ಗುಂಟವೇ. ಎಂದಮೇಲೆ ಈ ಅಂಕಿಗಳು ಏಜೆಂಟರ ಹೊಣೆಯನ್ನು ಹಗುರ ಮಾಡುವುದಿಲ್ಲ. ಉಳಿದ ಸಮಸ್ಯೆ ಅವರ ವ್ಯವಹಾರದ ನೆಲದಲ್ಲೇ ಇದೆ ಎಂದು ತೋರಿಸುತ್ತವೆ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು, ಅದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ. ಕಾಯಿದೆ ಗೊತ್ತಿರುವುದನ್ನು ಹೇಳಿ ಎನ್ನುತ್ತದೆ, ತಿಳಿದುಕೊಳ್ಳಿ ಎನ್ನುವುದಿಲ್ಲ. ಪರೀಕ್ಷೆ ಮಾಡಿಸಿ ಸೀಸ ಸಿಕ್ಕರೆ ಅದನ್ನು ಮುಂದೆಂದೂ ಮುಚ್ಚಿಡುವಂತಿಲ್ಲ. ಮಾಡಿಸದಿದ್ದರೆ ಗೊತ್ತಿಲ್ಲ ಎಂಬ ಚೌಕದಲ್ಲಿ ಗುರುತು ಹಾಕಿ ಮುಗಿಸಬಹುದು. ಅಜ್ಞಾನವೇ ಲಾಭದಾಯಕವಾದಾಗ ಜನ ಅದನ್ನೇ ಆರಿಸಿಕೊಳ್ಳುತ್ತಾರೆ. ಕೊಳ್ಳುವವರೂ ಪೈಪೋಟಿ ಜೋರಾಗಿರುವಾಗ ಮನೆ ಕೈತಪ್ಪೀತೆಂದು 10 ದಿನಗಳ ಅವಕಾಶವನ್ನು ಬಿಟ್ಟುಕೊಟ್ಟುಬಿಡುತ್ತಾರೆ. ಬಾಡಿಗೆದಾರರ ಪಾಡಂತೂ ಕಷ್ಟ. ಬೇರೆ ಮನೆ ಹಿಡಿಯಲು ಹಣವಿಲ್ಲದ ತಾಯಿಗೆ ಎಚ್ಚರಿಕೆಯ ಹಾಳೆ ಕೊಟ್ಟರೆ, ಅಪಾಯ ಹಾಗೆಯೇ ಉಳಿದು ತಿಳಿದೂ ಸಹಿ ಹಾಕಿದ್ದೀರಿ ಎಂಬ ದೂರು ಮಾತ್ರ ಅವಳ ಪಾಲಿಗೆ ಬರುತ್ತದೆ. ಹೇಳುವುದರಿಂದ ಆಯ್ಕೆ ಇರುವವರಿಗೆ ಉಪಯೋಗ. ಆಯ್ಕೆ ಇಲ್ಲದವರಿಗೆ ಬೇಕಾದ್ದು ಸೀಸವಿಲ್ಲದ ಮನೆ. ಮ್ಯಾಸಚೂಸೆಟ್ಸ್ ಇದನ್ನು 1971ರಲ್ಲೇ ಅರಿತು, ಆರು ವರ್ಷದೊಳಗಿನ ಮಗು ವಾಸಿಸುವ ಮನೆಯ ಸೀಸದ ಅಪಾಯವನ್ನು ಮಾಲೀಕರೇ ನಿವಾರಿಸಬೇಕೆಂದು ಕಾನೂನು ಮಾಡಿತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರ 2005ರಲ್ಲಿ ಬಾಡಿಗೆ ಮನೆಗಳ ವಾಸಯೋಗ್ಯತೆಯ ತಪಾಸಣೆಗೆ ಸೀಸದ ಪರೀಕ್ಷೆಯನ್ನೂ ಸೇರಿಸಿತು. ಮಗು ವಿಷವೇರಿ ಆಸ್ಪತ್ರೆ ಸೇರಿದ ಮೇಲೆ ಮನೆ ಹುಡುಕುವ ಕ್ರಮವನ್ನು ತಿರುಗಿಸಿ, ಮೊದಲು ಮನೆಯನ್ನು ನೋಡುವ ಕ್ರಮ ಅದು. ಸೀಸ ತೆಗೆಯುವ ಖರ್ಚು ಕೇಳಿ ತಯಾರಕರ ಮೇಲೆ ಹೂಡಿದ ಮೊಕದ್ದಮೆಗಳು ಹೆಚ್ಚಾಗಿ ಸೋತವು. ಕ್ಯಾಲಿಫೋರ್ನಿಯದ ಹತ್ತು ನಗರ–ಕೌಂಟಿಗಳು ಸುಮಾರು ಎರಡು ದಶಕ ಹೋರಾಡಿ 2019ರಲ್ಲಿ ಮೂರು ಕಂಪನಿಗಳಿಂದ 30.5 ಕೋಟಿ ಡಾಲರ್ ಪಡೆದದ್ದು ಅಪರೂಪದ ಗೆಲುವು.

ನಮ್ಮಲ್ಲಿ ಈ ಚರಿತ್ರೆ ಈಗಷ್ಟೇ ಶುರುವಾಗಿದೆ. ಕರ್ನಾಟಕದ ಹಳೆಯ ಮನೆಗಳ ಗೋಡೆಗೆ ಬಹುಕಾಲ ಸುಣ್ಣವೇ ಆಗಿದ್ದರಿಂದ ಅಮೆರಿಕದಷ್ಟು ಸೀಸ ನಮ್ಮ ಗೋಡೆಗಳ ಮೇಲಿಲ್ಲ. ಎಣ್ಣೆಬಣ್ಣ ಏರಿದ್ದು ಬಾಗಿಲು, ಕಿಟಕಿ, ಗ್ರಿಲ್ಲು, ಗೇಟುಗಳಿಗೆ. ಅಂಬೆಗಾಲಿಡುವ ಮಗು ಹಿಡಿದು ನಿಲ್ಲುವುದೂ ಅವನ್ನೇ. ಜಾರ್ಜ್ ಫೌಂಡೇಷನ್ 1990ರ ದಶಕದ ಕೊನೆಗೆ ಬೆಂಗಳೂರೂ ಸೇರಿ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ನಡೆಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರ ಕಟ್ಟಿದ ವೆಂಕಟೇಶ್ ತುಪ್ಪಿಲ್ ದಶಕಗಳ ಕಾಲ ಇದರ ಬಗ್ಗೆ ದನಿಯೆತ್ತಿದರು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅಮೆರಿಕದ 1978ರ ಹಾಗೆ ಇದೂ ಡಬ್ಬಿಗೆ ಸಂಬಂಧಿಸಿದ್ದು. ಅದಕ್ಕಿಂತ ಹಿಂದೆ ಬಳಿದ ಬಣ್ಣದ ಬಗ್ಗೆ ಅದು ಏನೂ ಹೇಳುವುದಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆ ಏಜೆಂಟರ ನೋಂದಣಿ ಕಡ್ಡಾಯ ಮಾಡಿ, ಗಿರಾಕಿಗೆ ಸಲ್ಲಬೇಕಾದ ಮಾಹಿತಿ ಒದಗಿಸುವ ಹೊಣೆಯನ್ನು ಅವರ ಮೇಲೆ ಹಾಕಿತಾದರೂ ಅದರ ಕಣ್ಣಿರುವುದು ಹೊಸ ಯೋಜನೆಗಳ ಮೇಲೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆ ಕೊಡಿಸುವ, ಬಾಡಿಗೆಗೆ ಹಿಡಿಸುವ ಬ್ರೋಕರಿಗೆ ಅದು ತಾಗುವುದಿಲ್ಲ. ಹೀಗಿರುವಾಗ ನಮಗಿರುವ ಆಧಾರ 1882ರ ಆ 55ನೇ ಕಲಮು ಒಂದೇ, ಅದೂ ಗೊತ್ತಿದ್ದ ದೋಷಕ್ಕೆ ಮಾತ್ರ, ಮಾರುವವರಿಗೆ ಮಾತ್ರ. ರೇರಾದ ಹೊಣೆಯನ್ನು ಹಳೆಯ ಮನೆಗಳ ಮಾರಾಟಕ್ಕೂ ಬಾಡಿಗೆಗೂ ವಿಸ್ತರಿಸುವ ದಿನ ಬಂದರೆ, 1992ರ ಅಮೆರಿಕದ ಹಾಳೆಯನ್ನು ಹಾಗೆಯೇ ನಕಲು ಮಾಡದೆ, ಹಿಡಿಕಂಬಿ ಕಿಟಕಿಗಳ ಬಣ್ಣದ ಪರೀಕ್ಷಾ ವರದಿಯನ್ನೇ ಕೇಳಬೇಕು. ಅದರ ಖರ್ಚು ಮಾಲೀಕರದಾಗಿರಬೇಕು, ವರದಿಯಿಲ್ಲದ ಮನೆಯನ್ನು ಮಕ್ಕಳಿರುವ ಕುಟುಂಬಕ್ಕೆ ತೋರಿಸುವ ಬ್ರೋಕರಿಗೆ ಕಮಿಷನ್ ಸಿಗಬಾರದು.